ರಿಲೇಯೋ, ಎಸ್‌ಎಸ್‌ಆರೋ, ಕಾಂಟ್ಯಾಕ್ಟರೋ? ಮನೆಯ ಕರೆಂಟನ್ನು ಆಟೊಮೇಷನ್‌ಗೆ ಒಪ್ಪಿಸುವ ಮುನ್ನ

ಫೋನಿನಲ್ಲಿ ಬಟನ್ ಒತ್ತಿದರೆ ಇಎಸ್‌ಪಿ8266 ಎಂಬ ವೈ-ಫೈ ಕಂಟ್ರೋಲರ್ ಬೋರ್ಡಿನ ಒಂದು ಪಿನ್ನು 3.3 ವೋಲ್ಟಿಗೆ ಏರುವಂತೆ ಮಾಡುವುದು ಈಗ ಒಂದು ಸಂಜೆಯ ಕೆಲಸ. ಇಎಸ್‌ಪಿಹೋಮ್, ಟಾಸ್ಮೋಟಾ, ಹೋಮ್ ಅಸಿಸ್ಟೆಂಟ್‌ನಂಥ ಸಾಫ್ಟ್‌ವೇರ್‌ಗಳೆಲ್ಲ ಸಿದ್ಧವಿವೆ. ಎಚ್ಚರ ಬೇಕಿರುವುದು ಅದರಾಚೆಗೆ, ಆ ಪಿನ್ನು 230 ವೋಲ್ಟಿನ ತಂತಿಯನ್ನು ಕೂಡಿಸಿ ಬಿಡಿಸುವ ಜಾಗದಲ್ಲಿ. ಅಲ್ಲಿ ಕೂರುವ ಸ್ವಿಚ್ಚು ರಿಲೇ (ಕಾಯಿಲ್ ಎಂಬ ಸುರುಳಿಯ ಅಯಸ್ಕಾಂತ ಎಳೆಯುವ ಲೋಹದ ಸ್ವಿಚ್), ಎಸ್‌ಎಸ್‌ಆರ್ (ಚಲಿಸುವ ಭಾಗವಿಲ್ಲದ ಎಲೆಕ್ಟ್ರಾನಿಕ್ ರಿಲೇ) ಅಥವಾ ಕಾಂಟ್ಯಾಕ್ಟರ್ (ಭಾರಿ ಕರೆಂಟಿಗೆ ಮಾಡಿದ ದೊಡ್ಡ ರಿಲೇ) ಆಗಿರಬಹುದು. ಪ್ರೋಗ್ರಾಂನಲ್ಲಿ ತಪ್ಪಿದ್ದರೆ ದೀಪ ಹತ್ತದೆ ಇರಬಹುದು, ತಿದ್ದಿಕೊಳ್ಳಬಹುದು. ಈ ಜಾಗದಲ್ಲಿ ತಪ್ಪಾದರೆ ಡಬ್ಬಿ ಕರಗುತ್ತದೆ, ಇಲ್ಲವೇ ಹೀಟರ್ ರಾತ್ರಿಯೆಲ್ಲ ಆನ್ ಆಗಿಯೇ ಉಳಿಯುತ್ತದೆ.

ಹಾಗಾಗಿ ಸ್ವಿಚ್ಚಿನ ಆಯ್ಕೆಗೆ ಎರಡೇ ಪ್ರಶ್ನೆ ಮುಖ್ಯ. ಲೋಡ್, ಅಂದರೆ ಕರೆಂಟ್ ಎಳೆಯುವ ಉಪಕರಣ, ಯಾವ ಬಗೆಯದು? ಸ್ವಿಚ್ ಕೆಟ್ಟರೆ ಯಾವ ಸ್ಥಿತಿಯಲ್ಲಿ ಕೆಡುತ್ತದೆ? ಆ್ಯಪ್, ವೈ-ಫೈ, ಜಿಗ್ಬಿ ಇವೆಲ್ಲ ಆಮೇಲಿನ ಮಾತು. ಇಲ್ಲಿನ ಲೆಕ್ಕಗಳು 230 ವೋಲ್ಟ್, 50 ಹರ್ಟ್ಸ್ ಸಪ್ಲೈಗೆ ಹೊಂದುತ್ತವೆ. 120 ವೋಲ್ಟಿನ ಕಡೆ ಅದೇ ವಾಟಿಗೆ ಆಂಪಿಯರ್ ಸುಮಾರು ಎರಡರಷ್ಟಾಗುತ್ತದೆ.

ಲೋಡ್ ಅಳೆಯುವುದು ಹೇಗೆ

ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 2000 ವಾಟಿನ ಗೀಸರ್ 8.7 ಆಂಪಿಯರ್ ಎಳೆಯುತ್ತದೆ, 3000 ವಾಟಿನದು 13 ಆಂಪಿಯರ್. 75 ವಾಟಿನ ಸೀಲಿಂಗ್ ಫ್ಯಾನಿಗೆ 0.33 ಆಂಪಿಯರ್ ಸಾಕು. ಇಷ್ಟಕ್ಕೇ ನಿಲ್ಲಿಸಿ ರಿಲೇ ಕೊಂಡವರೇ ಹೆಚ್ಚಾಗಿ ಕೈ ಸುಟ್ಟುಕೊಳ್ಳುತ್ತಾರೆ. ಏಕೆಂದರೆ ರಿಲೇ ಮೇಲೆ ಬರೆದಿರುವ 10 ಆಂಪಿಯರ್ ಹೀಟರಿನಂಥ ಶುದ್ಧ ರೆಸಿಸ್ಟಿವ್ ಲೋಡಿಗೆ ಕೊಟ್ಟ ಮಾತು. ಎಲ್‌ಇಡಿ ಬಲ್ಬಿಗೂ ಮೋಟಾರಿಗೂ ಆ ಮಾತು ಅನ್ವಯಿಸುವುದಿಲ್ಲ.

ಎಲ್‌ಇಡಿ ಬಲ್ಬನ್ನೇ ನೋಡಿ. ಅದರ ಡ್ರೈವರ್ ಒಳಗೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಇದೆ, ಅದರ ಹಿಂದೆ ಒಂದು ಕೆಪಾಸಿಟರ್. ಆಫ್ ಆಗಿದ್ದಾಗ ಕೆಪಾಸಿಟರ್ ಖಾಲಿ. ಎಸಿ ಅಲೆ ತುದಿಯಲ್ಲಿರುವಾಗ, ಅಂದರೆ ಸುಮಾರು 325 ವೋಲ್ಟಿನಲ್ಲಿರುವಾಗ ರಿಲೇ ಕೂಡಿತು ಅನ್ನಿ. ಖಾಲಿ ಕೆಪಾಸಿಟರ್ ಆ ಕ್ಷಣಕ್ಕೆ ಶಾರ್ಟ್ ಸರ್ಕ್ಯೂಟಿನ ಹಾಗೆಯೇ ವರ್ತಿಸುತ್ತದೆ. ಮಿಲಿಸೆಕೆಂಡಿನ ಒಂದು ಚೂರು ಕಾಲ ಹಲವು ಆಂಪಿಯರ್ ಹರಿಯುತ್ತದೆ, ಹತ್ತು ಬಲ್ಬುಗಳು ಒಟ್ಟಿಗಿದ್ದರೆ ಹತ್ತಾರು ಆಂಪಿಯರ್. ಇದೇ ಹೊತ್ತಿನಲ್ಲಿ ರಿಲೇಯ ಎರಡು ಬಿಲ್ಲೆಗಳು (ಕಾಂಟ್ಯಾಕ್ಟುಗಳು) ತಾಗಿ, ಪುಟಿದು, ಮತ್ತೆ ತಾಗುತ್ತಿರುತ್ತವೆ. ಪುಟಿತದ ಕಿಡಿಯಲ್ಲಿ ಬೆಳ್ಳಿಯ ಮೇಲ್ಮೈ ಕರಗಿ, ತಣಿದು, ಅಂಟಿಕೊಳ್ಳುತ್ತದೆ. ಹಾಗಾಗಿಯೇ ಒಟ್ಟು 90 ವಾಟ್, ಅಂದರೆ 0.4 ಆಂಪಿಯರ್ ಮಾತ್ರ ಎಳೆಯುವ ಹತ್ತು ಬಲ್ಬುಗಳು 10 ಆಂಪಿಯರಿನ ರಿಲೇಯನ್ನು ವೆಲ್ಡ್ ಮಾಡಿಬಿಡಬಲ್ಲವು.

ಹಳೆಯ ಫಿಲಮೆಂಟ್ ಬಲ್ಬಿನದು ಬೇರೆ ಕಾರಣ. ತಣ್ಣಗಿರುವ ಟಂಗ್‌ಸ್ಟನ್ ತಂತಿಯ ರೆಸಿಸ್ಟೆನ್ಸ್ ಕಡಿಮೆ, ಆದ್ದರಿಂದ ಹೊತ್ತಿಕೊಳ್ಳುವಾಗ ಹತ್ತು ಪಟ್ಟಿಗೂ ಹೆಚ್ಚು ಎಳೆಯುತ್ತದೆ. ಮೋಟಾರು ಶುರುವಾಗುವಾಗ ಐದಾರು ಪಟ್ಟು ಎಳೆಯುತ್ತದೆ, ಆಫ್ ಮಾಡುವಾಗ ಸುರುಳಿಯಲ್ಲಿ ಉಳಿದ ಶಕ್ತಿ ಕಿಡಿಯಾಗಿ ಹಾರುತ್ತದೆ.

ಕೈಯಳತೆಯ ನಿಯಮ ಹೀಗಿಟ್ಟುಕೊಳ್ಳಿ: ಹೀಟರಾದರೆ ರೇಟಿಂಗಿನ ಮುಕ್ಕಾಲು ಪಾಲಿನವರೆಗೆ ಬಳಸಿ, ಮೋಟಾರಾದರೆ ಮೂರನೇ ಒಂದು ಪಾಲಿಗಿಂತ ಮೇಲೆ ಹೋಗಬೇಡಿ. ಎಲ್‌ಇಡಿಗಳಿಗೆ ಆಂಪಿಯರ್ ರೇಟಿಂಗನ್ನೇ ನಂಬಬೇಡಿ. ಡೇಟಾಶೀಟಿನಲ್ಲಿ ಇನ್‌ರಶ್ ಕರೆಂಟ್ (ಆನ್ ಆದ ಕ್ಷಣ ನುಗ್ಗುವ ಕರೆಂಟ್) 80 ಅಥವಾ 120 ಆಂಪಿಯರ್ ಎಂದು ನಮೂದಿಸಿರುವ, ಸಿಲ್ವರ್ ಟಿನ್ ಆಕ್ಸೈಡ್ ಕಾಂಟ್ಯಾಕ್ಟಿನ 16 ಆಂಪಿಯರ್ ರಿಲೇ ಹುಡುಕಿ.

ರಿಲೇ ಮಾಡ್ಯೂಲ್: ನೀಲಿ ಪೆಟ್ಟಿಗೆಯ ಒಳಹೊರಗು

ಎಲ್ಲರ ಕೈಗೂ ಮೊದಲು ಸಿಗುವುದು ಎಸ್‌ಆರ್‌ಡಿ-05ವಿಡಿಸಿ-ಎಸ್‌ಎಲ್-ಸಿ ಎಂಬ ನೀಲಿ ರಿಲೇ ಇರುವ ಬೋರ್ಡು. ಇದರ ಕಾಯಿಲ್ ಸುಮಾರು 70 ಓಮ್, 5 ವೋಲ್ಟಿನಲ್ಲಿ 70 ಮಿಲಿಆಂಪಿಯರ್ ಕೇಳುತ್ತದೆ. ಇಎಸ್‌ಪಿ8266ರ ಪಿನ್ನು ಕೊಡಬಲ್ಲದ್ದು 12 ಮಿಲಿಆಂಪಿಯರ್, ಆದ್ದರಿಂದ ನಡುವೆ ಟ್ರಾನ್ಸಿಸ್ಟರ್ ಇರಲೇಬೇಕು. ಮಾಡ್ಯೂಲಿನಲ್ಲಿ ಅದು ಇರುತ್ತದೆ. ಬಿಡಿ ರಿಲೇ ಕೊಂಡಿದ್ದರೆ 2ಎನ್2222 ಟ್ರಾನ್ಸಿಸ್ಟರ್, ಬೇಸಿಗೆ 470 ಓಮ್, ಬೇಸಿನಿಂದ ಗ್ರೌಂಡಿಗೆ 10 ಕಿಲೋಓಮ್, ಕಾಯಿಲಿಗೆ ಅಡ್ಡಲಾಗಿ ತಿರುಗಿಸಿ ಹಾಕಿದ 1ಎನ್4007 ಡಯೋಡ್. ಡಯೋಡ್ ಬಿಟ್ಟರೆ ಮೊದಲ ಕೆಲವು ಸಲ ಕೆಲಸ ಮಾಡೀತು, ಆಮೇಲೆ ಟ್ರಾನ್ಸಿಸ್ಟರ್ ಸಾಯುತ್ತದೆ.

ಬೋರ್ಡನ್ನು ಮಗುಚಿ ನೋಡಿ. ಸ್ಕ್ರೂ ಟರ್ಮಿನಲ್‌ನಿಂದ ರಿಲೇಗೆ ಹೋಗುವ ತಾಮ್ರದ ಪಟ್ಟಿ ಎಷ್ಟು ಅಗಲವಿದೆ? ಅಗ್ಗದ ಬೋರ್ಡುಗಳಲ್ಲಿ ಎರಡು ಮೂರು ಮಿಲಿಮೀಟರ್ ಇರುತ್ತದೆ, ಅಷ್ಟರಲ್ಲಿ 10 ಆಂಪಿಯರ್ ಸತತ ಹರಿಸಿದರೆ ಬೋರ್ಡೇ ಕಂದುಗಟ್ಟುತ್ತದೆ. ಇಂಥವಕ್ಕೆ 3 ಆಂಪಿಯರ್ ದಾಟಿಸದಿರುವುದು ಒಳ್ಳೆಯದು. ಇನ್ನು 230 ವೋಲ್ಟಿನ ಪಟ್ಟಿಗೂ ಕಾಯಿಲ್ ಕಡೆಯ ಪಟ್ಟಿಗೂ ನಡುವೆ ಬರಿಯ ಬೋರ್ಡಿನ ಅಂತರ ಕನಿಷ್ಠ 6 ಮಿಲಿಮೀಟರ್ ಇರಬೇಕು, 8 ಇದ್ದರೆ ಇನ್ನೂ ಒಳ್ಳೆಯದು. ಅಷ್ಟು ಜಾಗವಿಲ್ಲದ ಕಡೆ ರಿಲೇಯ ಕಾಮನ್ ಪಿನ್ನಿನ ಸುತ್ತ ಬೋರ್ಡನ್ನು ಸೀಳಿ ಸಂದು ಬಿಟ್ಟಿರುತ್ತಾರೆ. ಸಂದೂ ಇಲ್ಲ, ಅಂತರವೂ ಇಲ್ಲ ಎಂದಾದರೆ ಆ ಬೋರ್ಡನ್ನು 12 ವೋಲ್ಟಿನ ಕೆಲಸಕ್ಕೆ ಇಟ್ಟುಕೊಳ್ಳಿ.

ಜೆಡಿ-ವಿಸಿಸಿ ಎಂದು ಬರೆದ ಜಂಪರ್ ಇರುವ ಬೋರ್ಡುಗಳಲ್ಲಿ ಜಂಪರ್ ಹಾಗೆಯೇ ಬಿಟ್ಟರೆ ಕಾಯಿಲಿಗೂ ಕಂಟ್ರೋಲರಿಗೂ ಒಂದೇ ಸಪ್ಲೈ. ಆಗ ಎರಡು ಕಡೆಯನ್ನು ಬೆಳಕಿನಿಂದ ಮಾತ್ರ ಜೋಡಿಸುವ ಆಪ್ಟೋಕಪ್ಲರ್ ಇದ್ದೂ ಪ್ರಯೋಜನವಿಲ್ಲ. ಜಂಪರ್ ತೆಗೆದು ಕಾಯಿಲಿಗೆ ಬೇರೆಯೇ 5 ವೋಲ್ಟ್ ಕೊಟ್ಟರೆ ಮಾತ್ರ ಎರಡೂ ಕಡೆ ನಿಜವಾಗಿ ಬೇರ್ಪಡುತ್ತವೆ.

ಇಂಥ ಬಹುಪಾಲು ಬೋರ್ಡುಗಳು ಇನ್‌ಪುಟ್ ಸೊನ್ನೆಗೆ ಇಳಿದಾಗ ಆನ್ ಆಗುತ್ತವೆ. ಬೂಟ್ ಆಗುವಾಗ ಪಿನ್ನು ಏನು ಮಾಡುತ್ತದೆ ಎಂಬುದು ಇಲ್ಲಿ ತುಂಬಾ ಮುಖ್ಯ. ಇಎಸ್‌ಪಿ8266ರಲ್ಲಿ ಜಿಪಿಐಒ (ಇನ್‌ಪುಟ್-ಔಟ್‌ಪುಟ್ ಪಿನ್ನು) 0 ಮತ್ತು 2 ಬೂಟ್ ಹೊತ್ತಿಗೆ 3.3 ವೋಲ್ಟಿನಲ್ಲಿರಬೇಕು, 15 ಸೊನ್ನೆಯಲ್ಲಿರಬೇಕು. ಈ ಮೂರಕ್ಕೆ ರಿಲೇ ಕಟ್ಟಿದರೆ ಬೋರ್ಡು ಏಳದೇ ಇರಬಹುದು, ಅಥವಾ ಕರೆಂಟ್ ಹೋಗಿ ಬಂದಾಗಲೆಲ್ಲ ರಿಲೇ ಟಕಟಕ ಎನ್ನಬಹುದು. 4, 5, 12, 13, 14 ಇವುಗಳಲ್ಲಿ ಆರಿಸಿಕೊಳ್ಳಿ. ನಮ್ಮ ಒಲವು 4 ಮತ್ತು 5ರ ಕಡೆಗೆ.

ರಿಲೇಯ ಕಾಮನ್ ಪಿನ್ನು ಕಾಯಿಲಿಗೆ ಕರೆಂಟ್ ಇಲ್ಲದಾಗ ಎನ್‌ಸಿಗೆ, ಇದ್ದಾಗ ಎನ್‌ಒಗೆ ಕೂಡಿರುತ್ತದೆ. ಲೋಡನ್ನು ಎನ್‌ಒ ಟರ್ಮಿನಲ್ಲಿಗೆ ಕಟ್ಟಿದರೆ ಕಂಟ್ರೋಲರ್ ಸತ್ತಾಗ ಲೋಡ್ ಆಫ್. ಎನ್‌ಸಿಗೆ ಕಟ್ಟಿದರೆ ಆನ್. ಹೀಟರ್, ಪಂಪು, ದೀಪಗಳಿಗೆ ಎನ್‌ಒ. ರೂಟರ್ ರೀಸೆಟ್ ಮಾಡಲು ಇಟ್ಟ ರಿಲೇಗೆ ಎನ್‌ಸಿ, ಇಲ್ಲದಿದ್ದರೆ ಕಂಟ್ರೋಲರ್ ಕೆಟ್ಟ ದಿನ ಇಂಟರ್‌ನೆಟ್ಟೂ ಇರುವುದಿಲ್ಲ. ಎರಡರಲ್ಲೂ ತುಂಡರಿಸಬೇಕಾದದ್ದು ಫೇಸ್ ತಂತಿಯನ್ನು. ನ್ಯೂಟ್ರಲ್ ತುಂಡರಿಸಿದರೆ ದೀಪ ಆರಿದರೂ ಹೋಲ್ಡರಿನಲ್ಲಿ ಶಾಕ್ ಕಾದಿರುತ್ತದೆ.

ಆಯುಷ್ಯದ ಲೆಕ್ಕವನ್ನೂ ಹಾಕಿ. ಪೂರ್ತಿ ಲೋಡಿನಲ್ಲಿ ಇಂಥ ರಿಲೇಗಳಿಗೆ ಸಾಮಾನ್ಯವಾಗಿ 1,00,000 ಸಲದ ಆಯುಷ್ಯ ಕೊಟ್ಟಿರುತ್ತಾರೆ. ದಿನಕ್ಕೆ ಹತ್ತು ಸಲ ಹಚ್ಚುವ ದೀಪಕ್ಕೆ ಅದು 27 ವರ್ಷ. ಉಷ್ಣತೆ ಕಾಯ್ದುಕೊಳ್ಳಲು ನಿಮಿಷಕ್ಕೊಮ್ಮೆ ಆನ್ ಆಗುವ ಹೀಟರಿಗೆ ದಿನಕ್ಕೆ 1,440 ಸಲ, ಅಂದರೆ 69 ದಿನ.

ಇನ್ನೊಂದು ಮಾತು. 250 ವೋಲ್ಟ್ ಎಸಿ ತಡೆಯುವ ರಿಲೇ ಡಿಸಿಯಲ್ಲಿ ತಡೆಯುವುದು 30 ವೋಲ್ಟ್ ಅಷ್ಟೇ. ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ತಾನಾಗಿ ಆರುತ್ತದೆ. ಡಿಸಿಯಲ್ಲಿ ಆರುವ ಅವಕಾಶವೇ ಇಲ್ಲ. ಸೋಲಾರ್ ಪ್ಯಾನೆಲ್ ಸಾಲಿಗೆ ಈ ನೀಲಿ ರಿಲೇ ಖಂಡಿತ ಬೇಡ.

ಎಸ್‌ಎಸ್‌ಆರ್: ಸದ್ದಿಲ್ಲ, ಶಾಖವಿದೆ

ಸಾಲಿಡ್ ಸ್ಟೇಟ್ ರಿಲೇಯಲ್ಲಿ ಚಲಿಸುವ ಭಾಗವಿಲ್ಲ. ಮೇಲೆ ಹೇಳಿದ ನಿಮಿಷಕ್ಕೊಮ್ಮೆಯ ಹೀಟರಿಗೆ ಇದೇ ಸರಿ. ಆದರೆ ಇದು ಆನ್ ಆಗಿರುವಾಗ ತನ್ನ ಮೇಲೆ 1ರಿಂದ 1.5 ವೋಲ್ಟ್ ಉಳಿಸಿಕೊಳ್ಳುತ್ತದೆ. 8.7 ಆಂಪಿಯರಿನ ಲೋಡಿಗೆ ಅದು ಸುಮಾರು 10 ವಾಟ್ ಶಾಖ, ಮುಚ್ಚಿದ ಡಬ್ಬಿಯೊಳಗೆ. ಮೇಲೆ 40 ಆಂಪಿಯರ್ ಎಂದು ಬರೆದಿದ್ದರೂ ಅದು ದೊಡ್ಡ ಅಲ್ಯೂಮಿನಿಯಂ ಹೀಟ್‌ಸಿಂಕ್ ಇದ್ದಾಗಿನ ಲೆಕ್ಕ. ಹೀಟ್‌ಸಿಂಕ್ ಇಲ್ಲದೆ ಮೂರು ನಾಲ್ಕು ಆಂಪಿಯರಿಗೇ ಅದು ಮುಟ್ಟಲಾಗದಷ್ಟು ಬಿಸಿ. ಹೆಸರಾಂತ ಬ್ರ್ಯಾಂಡುಗಳ ನಕಲಿ ಎಸ್‌ಎಸ್‌ಆರ್‌ಗಳೂ ಬಹಳ ಓಡಾಡುತ್ತಿವೆ, ಒಳಗೆ ಬರೆದದ್ದಕ್ಕಿಂತ ಸಣ್ಣ ಟ್ರಯಾಕ್ (ಎಸಿಯನ್ನು ಕೂಡಿಸುವ ಸೆಮಿಕಂಡಕ್ಟರ್ ಸ್ವಿಚ್) ಇರುತ್ತದೆ. ಬರೆದ ರೇಟಿಂಗಿನ ಮೂರನೇ ಒಂದು ಪಾಲಿಗೆ ಮಾತ್ರ ಲೆಕ್ಕ ಹಿಡಿಯಿರಿ. ಹೀಟ್‌ಸಿಂಕಿಗೆ ಥರ್ಮಲ್ ಪೇಸ್ಟ್ ತೆಳುವಾಗಿ ಹಚ್ಚಿ, ರೆಕ್ಕೆಗಳು ನೆಟ್ಟಗೆ ನಿಲ್ಲುವಂತೆ ಕೂರಿಸಿ.

ಎಸ್‌ಎಸ್‌ಆರ್ ಕೆಟ್ಟಾಗ ಸಾಮಾನ್ಯವಾಗಿ ಶಾರ್ಟ್ ಆಗುತ್ತದೆ, ಅಂದರೆ ಲೋಡ್ ಆನ್ ಆಗಿಯೇ ಉಳಿಯುತ್ತದೆ. ಹೀಟರಿನ ಮಟ್ಟಿಗೆ ಇದಕ್ಕಿಂತ ಕೆಟ್ಟ ಸ್ಥಿತಿ ಇಲ್ಲ. ಆದ್ದರಿಂದ ಎಸ್‌ಎಸ್‌ಆರ್ ಇರುವ ಪ್ರತಿ ಹೀಟರ್ ಸಾಲಿನಲ್ಲೂ ಒಂದು ಯಾಂತ್ರಿಕ ಥರ್ಮೋಸ್ಟಾಟ್ ಅಥವಾ ಥರ್ಮಲ್ ಫ್ಯೂಸ್ ಸೀರೀಸ್‌ನಲ್ಲಿರಲಿ. ಗೀಸರ್ ಒಳಗೆ ಕಂಪನಿಯೇ ಇಟ್ಟ ಥರ್ಮೋಸ್ಟಾಟನ್ನು ಯಾವ ಕಾರಣಕ್ಕೂ ಬೈಪಾಸ್ ಮಾಡಬೇಡಿ.

ಆಫ್ ಇದ್ದಾಗಲೂ ಎಸ್‌ಎಸ್‌ಆರ್ ಒಂದೆರಡು ಮಿಲಿಆಂಪಿಯರ್ ಸೋರುತ್ತದೆ. ಹೀಟರಿಗೆ ಅದು ಲೆಕ್ಕಕ್ಕಿಲ್ಲ, ಎಲ್‌ಇಡಿ ಬಲ್ಬು ಮಾತ್ರ ಕತ್ತಲಲ್ಲಿ ಮಂಕಾಗಿ ಉರಿಯುತ್ತದೆ, ಇಲ್ಲವೇ ಕ್ಷಣಕ್ಕೊಮ್ಮೆ ಮಿನುಗುತ್ತದೆ. ಹಾಗೆಯೇ ಝೀರೋ ಕ್ರಾಸಿಂಗ್ ಬಗೆಯ, ಅಂದರೆ ವೋಲ್ಟೇಜ್ ಸೊನ್ನೆ ದಾಟುವಾಗ ಮಾತ್ರ ಆನ್ ಆಗುವ ಎಸ್‌ಎಸ್‌ಆರ್ ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಹೊಂದುವುದಿಲ್ಲ. ವೋಲ್ಟೇಜ್ ಸೊನ್ನೆಯಿರುವಾಗ ಆನ್ ಮಾಡಿದರೆ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಸ್ಯಾಚುರೇಟ್ ಆಗಿ ಅತಿ ಹೆಚ್ಚು ಇನ್‌ರಶ್ ಬರುತ್ತದೆ. ದೀಪಕ್ಕೆ ಒಳಿತಾದದ್ದು ಟ್ರಾನ್ಸ್‌ಫಾರ್ಮರಿಗೆ ಕೆಡುಕು.

ಟ್ರಯಾಕ್ ಮತ್ತು ಡಿಮ್ಮಿಂಗ್

ಬೆಳಕು ಕಡಿಮೆ ಹೆಚ್ಚು ಮಾಡಬೇಕೆಂದಾಗ ಮಾತ್ರ ಇದರ ಸಹವಾಸ ಮಾಡಿ. ಬಿಟಿಎ16-600ಬಿ ಟ್ರಯಾಕಿನ ಲೋಹದ ಕಿವಿ ಒಳಗಿನ ಕರೆಂಟಿನಿಂದ ಬೇರ್ಪಟ್ಟಿರುತ್ತದೆ, ಬಿಟಿ136ರಲ್ಲಿ ಹಾಗಿಲ್ಲ, ಅದರ ಹೀಟ್‌ಸಿಂಕ್ ಮುಟ್ಟಿದರೆ ಶಾಕ್. ಬರಿ ಆನ್-ಆಫ್ ಆದರೆ ಎಂಒಸಿ3041 ಆಪ್ಟೋ ಸರಿ. ಡಿಮ್ಮಿಂಗಿಗೆ ಎಂಒಸಿ3021 ಬೇಕು, ಯಾಕೆಂದರೆ 10 ಮಿಲಿಸೆಕೆಂಡಿನ ಅರ್ಧ ಅಲೆಯ ನಡುವೆ ಎಲ್ಲಿ ಬೇಕೋ ಅಲ್ಲಿ ಅದು ಆನ್ ಆಗಬಲ್ಲದು. 3041 ಸೊನ್ನೆ ಬರುವವರೆಗೂ ಕಾಯುತ್ತದೆ.

ಟ್ರಯಾಕಿಗೆ ಅಡ್ಡಲಾಗಿ ಹಾಕುವ, ವೋಲ್ಟೇಜಿನ ಹಠಾತ್ ಜಿಗಿತ ತಗ್ಗಿಸುವ ಸ್ನಬ್ಬರ್ ಎಂದರೆ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಎಂದು ಎಲ್ಲರೂ ಬರೆದಿಟ್ಟಿರುತ್ತಾರೆ. ಆ ಕೆಪಾಸಿಟರ್ 230 ವೋಲ್ಟಿನಲ್ಲಿ 7.2 ಮಿಲಿಆಂಪಿಯರ್ ಸೋರಿಸುತ್ತದೆ. ಎಲ್‌ಇಡಿ ದೀಪ ಆರದೇ ಇರುವುದಕ್ಕೆ ಹಲವು ಸಲ ಇದೇ ಕಾರಣ. 0.01 ಮೈಕ್ರೋಫ್ಯಾರಡ್‌ಗೆ ಇಳಿಸಿದರೆ ಸೋರಿಕೆ 0.7 ಮಿಲಿಆಂಪಿಯರಿಗೆ ಇಳಿಯುತ್ತದೆ. ಯಾವುದೇ ಆದರೂ ಕೆಪಾಸಿಟರ್ ಮೇಲೆ ಎಕ್ಸ್2 (ಮೇನ್ಸಿಗೆ ಹಾಕಲು ಸುರಕ್ಷಿತ ಎಂಬ) ಗುರುತು ಇರಲೇಬೇಕು.

ಪೆಟ್ಟಿಗೆಯ ಮೇಲೆ ಡಿಮ್ಮಬಲ್ ಎಂದಿಲ್ಲದ ಎಲ್‌ಇಡಿಗೆ ಡಿಮ್ಮರ್ ಕಟ್ಟಬೇಡಿ. ಸೀಲಿಂಗ್ ಫ್ಯಾನಿಗೆ ಟ್ರಯಾಕ್ ಹಾಕಿದರೆ ಕಡಿಮೆ ವೇಗದಲ್ಲಿ ಗುಂಯ್ ಎನ್ನುತ್ತದೆ. ಸೀರೀಸ್ ಕೆಪಾಸಿಟರುಗಳನ್ನು ರಿಲೇಗಳಿಂದ ಆಯ್ದುಕೊಡುವ ರೆಗ್ಯುಲೇಟರ್ ಸದ್ದಿಲ್ಲದೆ ನಡೆಸುತ್ತದೆ. ಒಳಗೇ ಎಲೆಕ್ಟ್ರಾನಿಕ್ ಸರ್ಕ್ಯೂಟ್ ವೇಗ ನಿಯಂತ್ರಿಸುವ ಬಿಎಲ್‌ಡಿಸಿ ಫ್ಯಾನಿಗೆ ಇವೆರಡೂ ಬೇಡ, ಅದರ ರಿಮೋಟಿನ ಸಂಕೇತವನ್ನೇ ಕಳಿಸಿ.

ಕಾಂಟ್ಯಾಕ್ಟರ್

ಗೀಸರ್, ಪಂಪಿನಂಥ ಭಾರಿ ಲೋಡಿಗೆ ಸಣ್ಣ ರಿಲೇ ನೇರವಾಗಿ ಕೈ ಹಾಕಬಾರದು. ರಿಲೇ ಕಾಂಟ್ಯಾಕ್ಟರಿನ 230 ವೋಲ್ಟ್ ಕಾಯಿಲನ್ನು ನಡೆಸಲಿ, ಕಾಂಟ್ಯಾಕ್ಟರ್ ಲೋಡನ್ನು ನಡೆಸಲಿ. ಮೈಮೇಲೆ ಎರಡು ರೇಟಿಂಗ್ ಇರುತ್ತವೆ: ಎಸಿ-1 ಹೀಟರಿಗೆ, ಎಸಿ-3 ಮೋಟಾರಿಗೆ. ಒಂದೇ ಕಾಂಟ್ಯಾಕ್ಟರಿನಲ್ಲಿ ಮೊದಲನೆಯದು 25, ಎರಡನೆಯದು 9 ಎಂದಿರಬಹುದು. ಪಂಪು ಕೊಂಡವರು 25 ನೋಡಿ ಸಮಾಧಾನಪಟ್ಟರೆ ಕಷ್ಟ. ಎರಡು ಪೋಲಿನದನ್ನು ತಂದು ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವುದು ಗೀಸರಿಗೆ ಸೂಕ್ತ. ಪಂಪಿಗೆ ಈಗಿರುವ ಸ್ಟಾರ್ಟರ್ ಮತ್ತು ಓವರ್‌ಲೋಡ್ ರಿಲೇ ಹಾಗೆಯೇ ಉಳಿಯಲಿ. ಕಾಂಟ್ಯಾಕ್ಟರ್ ಕಾಯಿಲಿಗೆ ಅಡ್ಡಲಾಗಿ ಸ್ನಬ್ಬರ್ ಹಾಕಿ, ಇಲ್ಲದಿದ್ದರೆ ಅದು ಬಿಡುವಾಗ ಹಾರುವ ಕಿಡಿಗೆ ಕಂಟ್ರೋಲರ್ ರೀಸೆಟ್ ಆಗುತ್ತದೆ.

ಎಸಿ ಯಂತ್ರ, ಫ್ರಿಜ್‌ಗಳ ಕರೆಂಟನ್ನೇ ಕಡಿಯುವ ಯೋಚನೆ ಬಿಡಿ. ಕಂಪ್ರೆಸರ್ ನಿಂತ ಕೂಡಲೇ ಮತ್ತೆ ಶುರುವಾದರೆ ಒಳಗಿನ ಒತ್ತಡಕ್ಕೆ ತಿರುಗಲಾರದೆ ಬಿಸಿಯಾಗುತ್ತದೆ, ಕನಿಷ್ಠ 3 ನಿಮಿಷದ ಬಿಡುವು ಬೇಕು. ಎಸಿಗೆ ಒಂದು ಇನ್‌ಫ್ರಾರೆಡ್ ಎಲ್‌ಇಡಿಯಿಂದ ರಿಮೋಟ್ ಸಂಕೇತ ಕಳಿಸುವುದು ಸುಲಭವೂ ಹೌದು, ಸುರಕ್ಷಿತವೂ ಹೌದು.

ಸಿದ್ಧ ಮಾಡ್ಯೂಲುಗಳು

ಗೋಡೆಯೊಳಗಿನ ಗ್ಯಾಂಗ್ ಬಾಕ್ಸಿಗೆ ಸ್ವಂತ ಬೆಸುಗೆಯ ಬೋರ್ಡು ಹಾಕಬೇಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅಲ್ಲಿ ಗಾಳಿಯಿಲ್ಲ, ಕಣ್ಣಿಗೆ ಬೀಳುವುದಿಲ್ಲ, ಪಕ್ಕದಲ್ಲೇ ಇತರ ತಂತಿಗಳು ಒತ್ತಿಕೊಂಡಿರುತ್ತವೆ. ಆ ಜಾಗಕ್ಕೆ ಸುರಕ್ಷತಾ ಪರೀಕ್ಷೆ ಪಾಸಾದ ಶೆಲ್ಲಿ, ಸೋನಾಫ್ ಬಗೆಯ ಸಿದ್ಧ ಮಾಡ್ಯೂಲು ತನ್ನಿ. ಕೊಳ್ಳುವ ಮೊದಲು ಬಾಕ್ಸ್ ತೆರೆದು ನ್ಯೂಟ್ರಲ್ ಇದೆಯೇ ನೋಡಿ. ಹಲವು ಮನೆಗಳಲ್ಲಿ ಸ್ವಿಚ್ಚಿಗೆ ಫೇಸ್ ಬಂದು, ಅದೇ ದೀಪಕ್ಕೆ ಹೋಗುತ್ತದೆ, ಅಷ್ಟೇ. ನ್ಯೂಟ್ರಲ್ ಬೇಡದ ಮಾಡ್ಯೂಲುಗಳು ಬಲ್ಬಿನ ಮೂಲಕವೇ ತಮ್ಮ ಅನ್ನ ಹುಡುಕಿಕೊಳ್ಳುತ್ತವೆ. ಬಲ್ಬು ಐದಾರು ವಾಟಿನದಾದರೆ ಮಿನುಗು ತಪ್ಪಿದ್ದಲ್ಲ, ಆಗ ತಯಾರಕರು ಕೊಡುವ ಬೈಪಾಸನ್ನು ಬಲ್ಬಿಗೆ ಅಡ್ಡಲಾಗಿ ಹಾಕಬೇಕು.

ಈ ಮಾಡ್ಯೂಲುಗಳಿಗೆ ಹೊಸ ಫರ್ಮ್‌ವೇರ್ ತುಂಬುವವರಿಗೆ ಒಂದು ಕಟ್ಟುನಿಟ್ಟಿನ ಮಾತು. ಹಲವು ಮಾಡ್ಯೂಲುಗಳಲ್ಲಿ 3.3 ವೋಲ್ಟ್ ಭಾಗವೂ ಮೇನ್ಸಿಗೆ ನೇರ ಸೇರಿಕೊಂಡಿರುತ್ತದೆ. ಮೇನ್ಸ್ ಕೊಟ್ಟಿರುವಾಗ ಸೀರಿಯಲ್ ಕೇಬಲ್ ಸಿಕ್ಕಿಸಿದರೆ ಲ್ಯಾಪ್‌ಟಾಪ್ ಹೋಗಬಹುದು, ನೀವೂ ಹೋಗಬಹುದು. ಮೇನ್ಸ್ ತಂತಿಯನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲಿಟ್ಟು ತುಂಬಿ.

ಗೋಡೆಯ ಸ್ವಿಚ್ ಕೆಲಸ ಮಾಡುತ್ತಲೇ ಇರಲಿ

ಮನೆಯ ಹಿರಿಯರಿಗೂ ಮಕ್ಕಳಿಗೂ ಸ್ವಿಚ್ ಒತ್ತಿದರೆ ದೀಪ ಹತ್ತಬೇಕು. ಇದಕ್ಕೆ ಎರಡು ದಾರಿ. ಸ್ವಿಚ್ಚನ್ನು ಮಾಡ್ಯೂಲಿನ ಇನ್‌ಪುಟ್ಟಿಗೆ ಕೊಡುವುದು ಒಂದು. ಸರಳ, ದೀಪದ ಸ್ಥಿತಿ ಆ್ಯಪ್‌ಗೂ ಗೊತ್ತಿರುತ್ತದೆ, ಆದರೆ ಮಾಡ್ಯೂಲು ಸತ್ತರೆ ಸ್ವಿಚ್ಚೂ ಸತ್ತಂತೆ. ಮೆಟ್ಟಿಲಿನ ದೀಪದ ಟೂ-ವೇ ವೈರಿಂಗ್ ಇನ್ನೊಂದು: ಗೋಡೆಯಲ್ಲಿ ಟೂ-ವೇ ಸ್ವಿಚ್ ಹಾಕಿ ಅದರ ಕಾಮನ್‌ಗೆ ಫೇಸ್ ಕೊಡಿ, ಉಳಿದೆರಡು ತುದಿಗಳನ್ನು ರಿಲೇಯ ಎನ್‌ಒ ಮತ್ತು ಎನ್‌ಸಿಗೆ ಒಯ್ಯಿರಿ, ರಿಲೇಯ ಕಾಮನ್‌ನಿಂದ ದೀಪಕ್ಕೆ. ಕಂಟ್ರೋಲರ್ ಸುಟ್ಟುಹೋದರೂ ಸ್ವಿಚ್ ನಡೆಯುತ್ತದೆ. ದೀಪ ಉರಿಯುತ್ತಿದೆಯೋ ಇಲ್ಲವೋ ಎಂಬುದು ಮಾತ್ರ ರಿಲೇ ನೋಡಿ ತಿಳಿಯದು, ಅದಕ್ಕೆ ಕರೆಂಟ್ ಸೆನ್ಸರ್ ಬೇಕು. ಮೆಟ್ಟಿಲು, ಬಚ್ಚಲುಮನೆಗೆ ಎರಡನೆಯದೇ ಮೇಲು.

ಪರದೆ ಎಳೆಯುವ ಮೋಟಾರಿಗೆ ಎರಡು ರಿಲೇ ಬೇಕು, ಎರಡೂ ಒಟ್ಟಿಗೆ ಆನ್ ಆದರೆ ಮೋಟಾರ್ ಸುಡುತ್ತದೆ. ಪ್ರೋಗ್ರಾಮನ್ನು ನಂಬದೆ ತಂತಿಯಲ್ಲೇ ತಡೆಯಿರಿ. ಫೇಸ್ ಮೊದಲ ರಿಲೇಯ ಕಾಮನ್‌ಗೆ, ಅದರ ಎನ್‌ಒ ಮೇಲೇರುವ ತಂತಿಗೆ, ಅದರ ಎನ್‌ಸಿ ಎರಡನೇ ರಿಲೇಯ ಕಾಮನ್‌ಗೆ, ಎರಡನೆಯದರ ಎನ್‌ಒ ಕೆಳಗಿಳಿಯುವ ತಂತಿಗೆ. ದಿಕ್ಕು ಬದಲಿಸುವಾಗ ಅರ್ಧ ಸೆಕೆಂಡ್ ಬಿಡುವು ಕೊಡಿ.

ಕಟ್ಟುವ ಕ್ರಮ

ಒಂದು ಕೋಣೆಯ ದೀಪಗಳಿಗೆ ಡಬ್ಬಿ ಕಟ್ಟುತ್ತಿದ್ದೀರಿ ಎಂದುಕೊಳ್ಳಿ. ಬೇಕಾದದ್ದು: ಬೆಂಕಿ ಹಿಡಿಯದ ಪ್ಲಾಸ್ಟಿಕ್ ಡಬ್ಬಿ, ಎಚ್‌ಎಲ್‌ಕೆ-ಪಿಎಂ01 ಬಗೆಯ 5 ವೋಲ್ಟ್ 3 ವಾಟ್ ಸಪ್ಲೈ, ಅದಕ್ಕೆ 1 ಆಂಪಿಯರ್ ಸ್ಲೋ-ಬ್ಲೋ ಫ್ಯೂಸ್, 275 ವೋಲ್ಟ್ ಎಸಿಯ ವ್ಯಾರಿಸ್ಟರ್ (ವೋಲ್ಟೇಜಿನ ಜಿಗಿತ ಹೀರಿಕೊಳ್ಳುವ ಭಾಗ), 16 ಆಂಪಿಯರ್ ರಿಲೇ, 5 ವೋಲ್ಟ್ ಸಾಲಿಗೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್, 1.5 ಚದರ ಮಿಲಿಮೀಟರ್ ತಾಮ್ರದ ತಂತಿ. ಗೀಸರ್ ಸಾಲಿಗಾದರೆ ತಂತಿ 2.5 ಅಥವಾ 4.

1. ಎಂಸಿಬಿ (ಆ ಸಾಲಿನ ಸರ್ಕ್ಯೂಟ್ ಬ್ರೇಕರ್) ಇಳಿಸಿ. ಟೆಸ್ಟರಿನಿಂದ ನೋಡಿದರೆ ಸಾಲದು, ಮಲ್ಟಿಮೀಟರಿನಿಂದ ಫೇಸ್-ನ್ಯೂಟ್ರಲ್, ಫೇಸ್-ಅರ್ತ್ ಎರಡನ್ನೂ ಅಳೆಯಿರಿ. ಅದಕ್ಕೂ ಮೊದಲು ಕರೆಂಟ್ ಇರುವ ಬೇರೊಂದು ಸಾಕೆಟ್ಟಿನಲ್ಲಿ ಮೀಟರ್ ಸರಿಯಿದೆಯೇ ಎಂದು ಪರೀಕ್ಷಿಸಿ.

2. ವ್ಯಾರಿಸ್ಟರನ್ನು ಫ್ಯೂಸಿನ ನಂತರವೇ ಹಾಕಿ. ವ್ಯಾರಿಸ್ಟರ್ ಹಳತಾದಂತೆ ಸೋರಿ ಬಿಸಿಯಾಗುತ್ತದೆ, ಆಗ ಕಾಯುವುದು ಫ್ಯೂಸೇ.

3. ಎಳೆಗಳ ತಂತಿಯ ತುದಿಗೆ ಬೆಸುಗೆ ಹಚ್ಚಿ ಸ್ಕ್ರೂ ಬಿಗಿಯಬೇಡಿ. ಬೆಸುಗೆಯ ಸೀಸ ನಿಧಾನವಾಗಿ ಹರಡಿ ಸ್ಕ್ರೂ ಸಡಿಲವಾಗುತ್ತದೆ, ಸಡಿಲಾದ ಜಾಗ ಬಿಸಿಯಾಗುತ್ತದೆ. ಫೆರೂಲ್ (ತಂತಿಯ ತುದಿಗೆ ಹಾಕುವ ಲೋಹದ ಕೊಳವೆ) ಒತ್ತಿ ಸೇರಿಸಿ. ಬಿಗಿದ ಮೇಲೆ ಪ್ರತಿ ತಂತಿಯನ್ನೂ ಜಗ್ಗಿ ನೋಡಿ.

4. 230 ವೋಲ್ಟ್ ಡಬ್ಬಿಯ ಒಂದು ಬದಿಗೆ, 5 ವೋಲ್ಟ್ ಇನ್ನೊಂದು ಬದಿಗೆ. ಸೆನ್ಸರ್ ತಂತಿ ಮೇನ್ಸ್ ತಂತಿಯ ಜೊತೆ ಒಂದೇ ಪೈಪಿನಲ್ಲಿ ಹೋಗಬಾರದು.

5. ಮೊದಲ ಸಲ ಕರೆಂಟ್ ಕೊಡುವಾಗ 60 ವಾಟಿನ ಫಿಲಮೆಂಟ್ ಬಲ್ಬಿನ ಸೀರೀಸ್ ಲ್ಯಾಂಪ್ ಮೂಲಕ ಕೊಡಿ. ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಬೇರೇನೂ ಸುಡುವುದಿಲ್ಲ.

6. ಪೂರ್ತಿ ಲೋಡಿನಲ್ಲಿ ಒಂದು ಗಂಟೆ ಓಡಿಸಿ, ಎಂಸಿಬಿ ಇಳಿಸಿ, ಟರ್ಮಿನಲ್ಲುಗಳ ಬಿಸಿ ನೋಡಿ. ಬೆಚ್ಚಗಿದ್ದರೆ ಸರಿ, ಬೆರಳಿಡಲಾಗದಿದ್ದರೆ ಎಲ್ಲೋ ಸಡಿಲವಿದೆ.

ಆಫ್ ಆಗಿರುವ ತಂತಿಯಲ್ಲಿ ಡಿಜಿಟಲ್ ಮೀಟರ್ 40, 60 ವೋಲ್ಟ್ ತೋರಿಸಿದರೆ ಗಾಬರಿಯಾಗಬೇಡಿ, ಪಕ್ಕದ ತಂತಿಯಿಂದ ಬಂದ ಹುಸಿ ವೋಲ್ಟೇಜ್ ಇರಬಹುದು. ಒಂದು ಬಲ್ಬು ಕಟ್ಟಿ ಅಳೆದರೆ ಅದು ಮಾಯವಾಗುತ್ತದೆ. ಮಾಯವಾಗದಿದ್ದರೆ ಸೋರಿಕೆ ನಿಜ. ರಿಲೇ ಬಿಡುವಾಗ ಮಾತ್ರ ಕಂಟ್ರೋಲರ್ ರೀಸೆಟ್ ಆಗುತ್ತಿದ್ದರೆ ಸ್ನಬ್ಬರನ್ನು ಲೋಡಿಗೆ ಅಡ್ಡಲಾಗಿ ಹಾಕಿ. ಕಾಂಟ್ಯಾಕ್ಟಿಗೆ ಹಾಕಿದರೆ ಎಲ್‌ಇಡಿ ಮಂಕಾಗಿ ಉರಿಯುವ ಸಮಸ್ಯೆ ಮತ್ತೆ ಬರುತ್ತದೆ. ಕ್ಲಿಕ್ ಎಂಬ ಸದ್ದು ಕೇಳಿಸಿಯೂ ದೀಪ ಆರದಿದ್ದರೆ ಕಾಂಟ್ಯಾಕ್ಟ್ ಅಂಟಿಕೊಂಡಿದೆ. ತಟ್ಟಿ ಬಿಡಿಸಿ ಮತ್ತೆ ಬಳಸಬೇಡಿ, ರಿಲೇ ಬದಲಿಸಿ.

ಹೀಟರ್, ಪಂಪುಗಳಿಗೆ ಗರಿಷ್ಠ ಅವಧಿಯ ಟೈಮರನ್ನು ಸರ್ವರಿನಲ್ಲಿ ಬರೆದರೆ ವೈ-ಫೈ ಹೋದ ಹೊತ್ತಿಗೆ ಅದೂ ಇರುವುದಿಲ್ಲ. ಗೀಸರಿಗೆ 45 ನಿಮಿಷ ಎಂದಿದ್ದರೆ ಆ ಲೆಕ್ಕ ಇಎಸ್‌ಪಿ ಬೋರ್ಡಿನ ಒಳಗೇ ಇರಲಿ, ಕರೆಂಟ್ ಹೋಗಿ ಬಂದಾಗ ಆಫ್ ಸ್ಥಿತಿಯಲ್ಲೇ ಏಳಲಿ. ಹೊಸ ಸಾಲು ಎಳೆಯುವ, ಡಿಸ್ಟ್ರಿಬ್ಯೂಷನ್ ಬೋರ್ಡ್ ಮುಟ್ಟುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರದು. ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಾಲನ್ನು ಕಡಿಯುವ ಬ್ರೇಕರ್) ಇಲ್ಲದಿದ್ದರೆ ಆಟೊಮೇಷನ್‌ಗಿಂತ ಮೊದಲು ಅದನ್ನು ಹಾಕಿಸಿ.

ತಿಂಗಳ ನಂತರ ಎಂಸಿಬಿ ಇಳಿಸಿ ಡಬ್ಬಿ ತೆರೆಯಿರಿ. ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿದು, ಪ್ಲಾಸ್ಟಿಕ್ ಎಲ್ಲಾದರೂ ಕಂದಾಗಿದೆಯೇ ನೋಡಿ. ಮುಚ್ಚುವ ಮುನ್ನ ಮುಚ್ಚಳದ ಮೇಲೂ ಆ ಎಂಸಿಬಿಯ ಪಕ್ಕದಲ್ಲೂ ಒಂದು ಚೀಟಿ ಅಂಟಿಸಿ: "ಈ ಸಾಲು ತಾನಾಗಿ ಆನ್ ಆಗುತ್ತದೆ. ಗೋಡೆಯ ಸ್ವಿಚ್ ನಂಬಬೇಡಿ, ಎಂಸಿಬಿ ಇಳಿಸಿ ಮುಟ್ಟಿ." ಬಲ್ಬು ಬದಲಿಸಲು ಸ್ಟೂಲು ಹತ್ತುವವರು ನೀವೇ ಆಗಿರಬೇಕೆಂದಿಲ್ಲ.